ದೋಣಿ ಇಳಿಯದ ಇಳಿಜಾರು

ಕಾಗಿಣಾ ನದಿ ಉಕ್ಕಿದ ದಿನ ಸೇಡಂನಿಂದ ಬಂದ ರಕ್ಷಣಾ ದೋಣಿಯ ಟ್ರೇಲರನ್ನು ನನ್ನ ಟ್ರ್ಯಾಕ್ಟರಿಗೆ ಕಟ್ಟಿಕೊಂಡು ನಮ್ಮೂರಿನ ದಂಡೆಗೆ ಒಯ್ದೆ. ಆಚೆ ದಂಡೆಯ ಮನೆಯೊಂದರ ಮಾಳಿಗೆಯ ಮೇಲೆ ಬಸುರಿ ಹೆಣ್ಣುಮಗಳೊಬ್ಬಳು ಅತ್ತೆಯೊಂದಿಗೆ ಸಿಕ್ಕಿಕೊಂಡಿದ್ದಳು. ದೋಣಿ ಇಳಿಸಲೆಂದೇ ಹಿಂದಿನ ವರ್ಷ ಸಿಮೆಂಟಿನ ಇಳಿಜಾರು ಕಟ್ಟಿದ್ದರು. ಅದರ ಮೇಲೆ ಟ್ರೇಲರನ್ನು ಹಿಂದಕ್ಕೆ ಬಿಡುತ್ತಿದ್ದಂತೆ ಗಾಲಿಗಳು ಧಡಕ್ಕನೆ ಕುಸಿದವು. ಇಳಿಜಾರು ನೀರೊಳಗೆ ಎರಡು ಮಾರು ಹೋಗಿ ಅಲ್ಲಿಗೇ ಮುಗಿದಿತ್ತು. ಮುಂದೆ ಬರೀ ಗುಂಡಿ. ದೋಣಿ ಓರೆಯಾಗಿ ಸಿಕ್ಕಿಬಿತ್ತು.

ಆ ಇಳಿಜಾರನ್ನು ಕಟ್ಟಿಸಿದ ಎಂಜಿನಿಯರ್ ದಂಡೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. "ನೀ ರಿವರ್ಸ್ ಸರಿ ತಗೊಂಡಿಲ್ಲ," ಎಂದರು.

ನನಗೆ ಮೈಯೆಲ್ಲ ಉರಿಯಿತು. "ಬ್ಯಾಸಿಗ್ಯಾಗ ನೀರು ಕಮ್ಮಿ ಇದ್ದಾಗ ಒಮ್ಮಿಯಾದ್ರೂ ಬಂದು ನೋಡೀರೇನ್ರಿ ಸಾಹೇಬ್ರ? ಅರ್ಧಕ್ಕ ಕಟ್ಟಿ ಬಿಟ್ಟೀರಿ. ಈಗ ಇಳದು ಬಂದು ಹಗ್ಗ ಹಿಡೀರಿ," ಎಂದೆ.

ಅವರು ಇಳಿಯಲಿಲ್ಲ. ನಾವು ಊರಿನ ಹತ್ತು ಹನ್ನೆರಡು ಜನ ಸೊಂಟಮಟ್ಟದ ನೀರಿನಲ್ಲಿ ನಿಂತು ದೋಣಿಯನ್ನು ಎತ್ತಿ ತೇಲಿಬಿಟ್ಟೆವು. ಅಷ್ಟರಲ್ಲಿ ಒಂದು ತಾಸು ಹಾಳಾಗಿತ್ತು. ಆಚೆ ಮಾಳಿಗೆಯ ಅಂಚಿಗೆ ನೀರು ಬಂದಿತ್ತು.

ಅತ್ತೆ ಸೊಸೆ ಇಬ್ಬರೂ ಬದುಕಿ ಬಂದರು. ಅವರನ್ನು ದೋಣಿಯಿಂದ ಇಳಿಸುವಾಗ ಮಾತ್ರ ಎಂಜಿನಿಯರ್ ಫೋಟೊಕ್ಕೆಂದು ಮುಂದೆ ಬಂದರು. ಇಳಿಜಾರು ಇವತ್ತಿಗೂ ಹಾಗೆಯೇ ಇದೆ. ನಾನು ಕೊಟ್ಟ ಮೂರು ಅರ್ಜಿಗಳಿಗೆ ಯಾರೂ ಉತ್ತರ ಕೊಟ್ಟಿಲ್ಲ, ನಾಲ್ಕನೆಯದನ್ನು ಬರೆಯುತ್ತಿದ್ದೇನೆ.