ಅಂಗಾಲಿನ ಕನ್ನಡಿ

ಅಂಗೈಯಗಲದ ದುಂಡು ಕನ್ನಡಿ. ಅದನ್ನು ಪಾದದ ಕೆಳಗೆ ಹಿಡಿದು, ಇನ್ನೊಂದು ಕೈಯಿಂದ ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತ, ಹುಬ್ಬು ಗಂಟಿಕ್ಕಿ ಕೂತ ಮನುಷ್ಯ. ಕುವೈತಿನ ಮೈದಾನ್ ಹವಲ್ಲಿಯ ನಮ್ಮ ಕಟ್ಟಡದಲ್ಲಿ ಮೇಲಿನ ಮನೆಯ ಅಂಕಲ್ ಅವರನ್ನು ನಾನು ಮೊದಲು ಕಂಡದ್ದು ಹೀಗೆ. ಅವರ ಕುಡಿಯುವ ನೀರಿನ ಕ್ಯಾನು ತಪ್ಪಿ ನಮ್ಮ ಬಾಗಿಲಿಗೆ ಬಂದಿತ್ತು, ಕೊಡಲು ಹೋಗಿದ್ದೆ.

"ಬಾಪ್ಪಾ ಒಳಗೆ. ಎಲ್ರೂ ಮುಖ ನೋಡ್ಕೋತಾರೆ, ನಾನು ಕಾಲು ನೋಡ್ಕೋತೀನಿ" ಎಂದರು. ಸಕ್ಕರೆ ಕಾಯಿಲೆಯಿಂದ ಅವರ ಪಾದಗಳಿಗೆ ಸ್ಪರ್ಶವೇ ಉಳಿದಿರಲಿಲ್ಲ. ಗಾಯವಾದರೆ ಕಣ್ಣಿಗೆ ಕಾಣಬೇಕೇ ಹೊರತು ನೋವಾಗಿ ತಿಳಿಯುತ್ತಿರಲಿಲ್ಲ.

ಅದೇ ಮೊದಲ ಭೇಟಿ ಎಂದು ಆಣೆಯಿಟ್ಟು ಹೇಳಲಾರೆ. ಅದಕ್ಕೂ ಮುಂಚೆ ಲಿಫ್ಟಿನಲ್ಲಿ ಕಂಡಿರಲೇಬೇಕು. ಲಿಫ್ಟಿನಲ್ಲಿ ಕಂಡವರು ನೆನಪಿನಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಕನ್ನಡಿಯನ್ನು ಮುಂದೆ ತಂದಿಟ್ಟಿದ್ದೇನೆ.

ಮೈಸೂರಿನವರು, ಶುಐಬಾದ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಇಟಲಿಯವನೊಬ್ಬ ಬಹಳ ಹಿಂದೆ ರಜೆಯಲ್ಲಿ ತನ್ನೂರಿಗೆ ಕರೆದೊಯ್ದು ಹಳ್ಳಿದಾರಿಗಳಲ್ಲಿ ನಡೆಸಿದ್ದನಂತೆ. ಅಲ್ಲಿಂದ ಹಿಡಿದ ಹುಚ್ಚು ಬಿಡಲಿಲ್ಲ. ವಸಂತ ಬಂತೆಂದರೆ ಇಟಲಿ. ರೋಮ್, ವೆನಿಸ್ ಅಲ್ಲ. "ಕ್ಯೂ ನಿಲ್ಲೋಕೆ ಅಲ್ಲಿಗಂಟ ಯಾಕಪ್ಪಾ ಹೋಗ್ಬೇಕು? ಇಲ್ಲಿ ಇಕಾಮಾ ಪರ್ಮಿಟ್ಟಿಗೆ ನಿಂತಿದ್ದು ಸಾಲ್ದಾ?" ಅವರಿಗೆ ಬೇಕಾದದ್ದು ಆಲಿವ್ ತೋಟಗಳ ನಡುವಿನ ಕಾಲುದಾರಿ, ಸೂರು ಬಿದ್ದ ಇಗರ್ಜಿ, ಕುರಿಗಳು ಮಲಗುವ ಕೋಟೆ, ರೋಮನ್ನರಿಗಿಂತ ಹಿಂದಿನವರ ಗೋರಿ.

ಹಳೆಯ ಕಲ್ಲು ಕಂಡರೆ ಬಗ್ಗಿ ಶೂ ಬಿಚ್ಚುವುದು ಅವರ ಅಭ್ಯಾಸ. ಇಲ್ಲೇ ಜಹ್ರಾದ ಕೆಂಪು ಕೋಟೆಯ ಹೊಸ್ತಿಲಲ್ಲಿ ಲೇಸ್ ಸಡಿಲಿಸುತ್ತಿದ್ದಾಗ ಕಾವಲಿನವನು ನಕ್ಕು, "ಭಾಯಿ, ಯೇ ಮಸ್ಜಿದ್ ನಹೀಂ ಹೈ" ಎಂದಿದ್ದ. ಅಂಕಲ್ ಅವನಿಗೆ ತಲೆಯಾಡಿಸಿ, ಬಿಚ್ಚಿಯೇ ಒಳಗೆ ಹೋದರು.

ಒಂದು ವರ್ಷ ಡಾಕ್ಟರು ಅವರ ಹೆಂಡತಿ ಆಂಟಿಯನ್ನು ಹೆದರಿಸಿ ಕಳಿಸಿದರು. ಕಣ್ಣಿಗೆ ಬೀಳದ ಒಂದು ಗಾಯ ಸಾಕು, ಕಾಲು ಹೋದೀತು. ಆಂಟಿಗೆ ಮಂಡಿ ನೋವು, ಜೊತೆಗೆ ಹೋಗುವ ಹಾಗಿರಲಿಲ್ಲ. ನಾನು ಹೋಗುವುದಾದರೆ ಮಾತ್ರ ಪ್ರಯಾಣ ಎಂದು ತೀರ್ಮಾನವಾಯಿತು.

"ನೋಡಿ, ಗುಡಿಯಾಗ್ಲಿ ಗೋರಿಯಾಗ್ಲಿ, ಶೂ ಬಿಚ್ಚೋಕೆ ಬಿಡ್ಬೇಡಿ" ಎಂದರು ಆಂಟಿ. "ಇವ್ರಿಗೆ ಮುಳ್ಳು ಚುಚ್ಚಿದ್ರೂ ಗೊತ್ತಾಗಲ್ಲ."

"ನಾನು ನೋಡಿಕೊಳ್ತೇನೆ ಆಂಟಿ."

"ಇವ್ನು ಮಂಗಳೂರಿನವ್ನು ಕಣೇ" ಎಂದು ಒಳಗಿನಿಂದ ಅಂಕಲ್ ಕೂಗಿದರು. "ಮುಳ್ಳು ಉಂಟು, ಮುಳ್ಳು ಉಂಟು ಅಂತ ನೋಡ್ಕೊಂಡೇ ನಿಂತಿರ್ತಾನೆ."

ಇಟಲಿಯ ಟಸ್ಕನಿ ಪ್ರಾಂತದ ದಕ್ಷಿಣದಲ್ಲಿ ಮೆದುಕಲ್ಲಿನ ಬೆಟ್ಟವನ್ನು ಸೀಳಿ ಕಡಿದ ಪುರಾತನ ದಾರಿಗಳಿವೆ. ಎರಡೂ ಕಡೆ ಮನೆಗಿಂತ ಎತ್ತರದ ಗೋಡೆ, ಮೇಲೊಂದು ಸಣ್ಣ ಪಟ್ಟಿ ಆಕಾಶ. ಅಂಥ ಒಂದು ದಾರಿಯ ಬಾಯಲ್ಲಿ ಬಂಡೆ ಕೊರೆದು ಮಾಡಿದ ಗೋರಿ. ಅಂಕಲ್ ಬಗ್ಗಿದರು.

"ಅಂಕಲ್, ಆಂಟಿ ಹೇಳಿದ್ದಾರೆ."

"ಅವ್ಳು ಹೇಳಿದ್ದು ದಾರಿಗೆ. ಇದು ಸತ್ತವರ ಮನೆ ಕಣಯ್ಯಾ. ಇನ್ನೊಬ್ರ ಮನೆಗೆ ಶೂ ಹಾಕ್ಕೊಂಡು ಹೋಗ್ತೀಯಾ ನೀನು?"

ಟಾರ್ಚು ಹಾಕಿ ನೆಲ ನೋಡಿದೆ. ಒಣಗಿತ್ತು, ಮುಳ್ಳಿರಲಿಲ್ಲ. ದಪ್ಪ ಕಾಲುಚೀಲ ಇರಲಿ ಎಂದು ರಾಜಿಯಾಯಿತು. ಒಳಗೆ ಕಲ್ಲಿನ ಮಂಚ, ಕಲ್ಲಿನ ದಿಂಬು. ದಿಂಬಿನ ನಡುವೆ ತಲೆ ಇಡುವ ತಗ್ಗನ್ನೂ ಕಡಿದಿದ್ದರು. ಅಂಕಲ್ ಅದರ ಮೇಲೆ ಅಂಗೈ ಇಟ್ಟರು.

ಹೊರಗೆ ಬಂದಾಗ ಅವರ ಒಂದೇ ಶೂ ಇತ್ತು.

"ಅಂಕಲ್, ಅಲ್ಲಿ ನಾಯಿ ಉಂಟು! ಬಾಯಲ್ಲಿ ಶೂ ಉಂಟು!"

"ಉಂಟು ಅನ್ನೋದು ಆಮೇಲೆ, ಓಡು ಮೊದ್ಲು!"

ಓಡಿದೆ. ಕುರಿ ಕಾಯುವ ಬಿಳಿ ನಾಯಿ ಪೊದೆಯಲ್ಲಿ ನುಗ್ಗಿ ಮಾಯವಾಯಿತು. ಬಿಳಿಯೇ? ಈ ಕತೆಯನ್ನು ಎಷ್ಟೋ ಊಟದ ಮೇಜುಗಳಲ್ಲಿ ಹೇಳಿ ನಾಯಿಯನ್ನು ಬೆಳೆಸಿದ್ದೇನೆ, ಬಣ್ಣವನ್ನೂ ಬದಲಿಸಿರಬಹುದು. ಶೂ ಹೋದದ್ದು ಮಾತ್ರ ನಿಜ.

ಅಂಕಲ್ ಬಂಡೆಯ ಮೇಲೆ ಕೂತು, "ಎಡಗಾಲು ಖಲಾಸ್" ಎಂದು ನಗುತ್ತಿದ್ದರು. ಆಮೇಲೆ ನಗು ನಿಂತಿತು. ಹಳ್ಳಿ ಇದ್ದದ್ದು ಆ ಸೀಳುದಾರಿಯ ಇನ್ನೊಂದು ತುದಿಗೆ. ದಾರಿಯುದ್ದಕ್ಕೂ ಕಾಡುಮರಗಳಿಂದ ಹಿಂದಿನ ವರ್ಷ ಉದುರಿದ ಚೆಸ್ಟ್‌ನಟ್ ಕಾಯಿಗಳ ಮುಳ್ಳುಸಿಪ್ಪೆ. ಫೋನು ಸಿಗುತ್ತಿರಲಿಲ್ಲ. ನನ್ನ ಎಡ ಶೂ ಬಿಚ್ಚಿ ಅವರ ಮುಂದಿಟ್ಟೆ. ಸ್ವಲ್ಪ ದೊಡ್ಡದಾಯಿತು. ಮುಂತುದಿಗೆ ನನ್ನ ಕಾಲುಚೀಲವನ್ನೇ ತುರುಕಿ ಬಿಗಿಯಾಗಿ ಕಟ್ಟಿದೆ.

ನಡೆದೆವು. ಸ್ವಲ್ಪ ದೂರ ಹೋದ ಮೇಲೆ ಅವರು ಕೇಳಿದರು, "ಹೇಗಿದೆ?"

ಬರೆಯುವವನ ಚಪಲ ನನ್ನದು. "ಎಷ್ಟೋ ಶತಮಾನದ ಹೆಜ್ಜೆಗಳ ಮೇಲೆ ಹೆಜ್ಜೆ ಇಟ್ಟ ಹಾಗೆ..."

"ಕತೆ ಬೇಡ. ಕಾಲಿಗೆ ಏನಾಗ್ತಿದೆ ಅದನ್ನ ಹೇಳು."

"ತಣ್ಣಗುಂಟು."

"ಹೂಂ."

"ಒದ್ದೆ. ಪಾಚಿ. ಸ್ವಲ್ಪ ಜಾರ್ತದೆ."

"ಆಮೇಲೆ?"

"ಅಯ್ಯೋ ಅಮ್ಮಾ, ಮುಳ್ಳು!"

"ಎಲ್ಲಿ? ಹಿಮ್ಮಡಿನಾ, ಬೆರಳಾ? ಉರೀತಾ ಚುಚ್ತಾ?"

ಗೇಲಿಯಲ್ಲ. ಗೋಡೆಗೆ ಕೈಯಾನಿಸಿ ಕಣ್ಣು ಮುಚ್ಚಿ ನಿಂತಿದ್ದರು, ಹಸಿದವರು ಅಡುಗೆಯ ವಿವರ ಕೇಳುವ ಹಾಗೆ. ಹಳ್ಳಿ ಮುಟ್ಟುವವರೆಗೂ ಹೇಳುತ್ತ ಹೋದೆ. ಮರಳು, ಬೇರು, ಬಿಸಿಲು ಬಿದ್ದ ಕಲ್ಲು, ಕೆಸರು. ಕೊನೆಯಲ್ಲಿ ಅವರು, "ಇಷ್ಟು ವರ್ಷ ಕಣ್ಣು ಮಾತ್ರ ಬಂದಿತ್ತಪ್ಪಾ ಇಲ್ಲಿಗೆ, ಇವತ್ತು ಕಾಲೂ ಬಂತು" ಎಂದರು. ನಿಜಕ್ಕೂ ಹಾಗೆಂದರೇ? ಮಾತು ತೀರಾ ಚೆನ್ನಾಗಿದೆ, ಆಮೇಲೆ ನಾನೇ ಸೇರಿಸಿದೆನೇನೋ ಎಂಬ ಅನುಮಾನ ಬಿಟ್ಟಿಲ್ಲ.

ಸಂಜೆ ತಂಗುಮನೆಯಲ್ಲಿ ಕನ್ನಡಿ ತೆಗೆದರು. ಅವರ ಪಾದದಲ್ಲಿ ಒಂದು ಗೀರೂ ಇರಲಿಲ್ಲ. ನಂತರ ನನ್ನ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡು, ನಾನು ಬೇಡ ಬೇಡ ಎಂದರೂ ಕೇಳದೆ, ಪಿನ್ನಿನಿಂದ ಮುಳ್ಳು ತೆಗೆದರು. "ಆಂಟಿಗೆ ಹೇಳ್ಬೇಡ" ಎಂದರು. ಕುವೈತ್ ವಿಮಾನ ನಿಲ್ದಾಣದಲ್ಲಿ ಇಳಿದು ಟ್ರಾಲಿ ಹಿಡಿಯುವ ಮೊದಲೇ ಆಂಟಿಗೆ ಎಲ್ಲವನ್ನೂ ತಾವೇ ಹೇಳಿದರು, ನಾಯಿಯ ಅನುಕರಣೆ ಸಹಿತ.

ಇಟಲಿಯ ಮುಳ್ಳು ಮಾಡದ್ದನ್ನು ಮನೆಯ ಹೀಟರ್ ಮಾಡಿತು. ಚಳಿಗಾಲದ ಒಂದು ಮಧ್ಯಾಹ್ನ ಕಾಲು ಅದರ ಹತ್ತಿರ ಚಾಚಿ ನಿದ್ದೆಹೋಗಿದ್ದರು. ಸುಟ್ಟದ್ದು ಗೊತ್ತಾಗಲಿಲ್ಲ. ಸಂಜೆ ಕನ್ನಡಿಯಲ್ಲಿ ಕಂಡಾಗ ತಡವಾಗಿತ್ತು. ಮೊದಲು ಬೆರಳುಗಳು ಹೋದವು, ನಂಜು ಮೇಲೇರಿತು.

ಆಸ್ಪತ್ರೆಯಲ್ಲಿ ಅವರನ್ನು ಕೊನೆಯ ಸಲ ನೋಡಿದಾಗ ಎರಡೂ ಕಾಲು ಹೊದಿಕೆಯೊಳಗಿದ್ದವು. ಕಿಟಕಿಯ ಹೊರಗೆ ಧೂಳು. ನಾನು ಮುಂದಿನ ವಸಂತದ ಮಾತೆತ್ತಿದೆ. ಅವರು ಬೆರಳಾಡಿಸಿ ತಡೆದರು.

"ನೆಲ ಹೇಗಿದೆಯಪ್ಪಾ?"

"ಆಸ್ಪತ್ರೆ ನೆಲ ಅಲ್ವಾ ಅಂಕಲ್, ಎಲ್ಲ ಕಡೆ ಇರುವ ಹಾಗೆಯೇ..."

"ಕತೆ ಬೇಡ."

ಶೂ ಬಿಚ್ಚಿದೆ, ಕಾಲುಚೀಲ ತೆಗೆದೆ. ನರ್ಸು ತಿರುಗಿ ನೋಡಿದಳು. ಅಂಗಾಲನ್ನು ಪೂರ್ತಿ ಊರಿ ಸ್ವಲ್ಪ ಹೊತ್ತು ನಿಂತೆ.

"ತಣ್ಣಗುಂಟು ಅಂಕಲ್."

ಮರುದಿನ ಬೆಳಿಗ್ಗೆ ಆಂಟಿಯ ಫೋನು ಬಂತು.

ನನ್ನ ಮಾತು ಕೇಳಿ ಅವರು ನಕ್ಕರು ಎಂದು ಬರೆದಿದ್ದೆ, ಹೊಡೆದುಹಾಕಿದೆ. ನಕ್ಕರೋ, ಆಗಲೇ ಕಣ್ಣು ಮುಚ್ಚಿದ್ದರೋ, ನನಗೆ ನೆನಪಿಲ್ಲ. ನೆಲ ತಣ್ಣಗಿತ್ತು. ಹಿಮ್ಮಡಿಯ ಹತ್ತಿರ ಸ್ವಲ್ಪ ಮರಳು ಇತ್ತು.