ಅವಳ ಪಾಲಿನ ಪ್ಯಾರಾ

ಆ ಶಾಲೆಯಲ್ಲಿ ಟೀಚರಮ್ಮ ಎಂದರೆ ಒಬ್ಬರೇ. ಉಳಿದವರೆಲ್ಲ ಲೆಕ್ಕದ ಮೇಷ್ಟ್ರು, ಡ್ರಿಲ್ ಮೇಷ್ಟ್ರು ಅಷ್ಟೇ. ಭಾಷೆಯ ಪಾಠ ಮಾಡುವ ಈ ಟೀಚರಮ್ಮನ ಕೈಯಲ್ಲಿ ಬೆತ್ತ ಕಂಡವರಿಲ್ಲ. ಆದರೆ ಪಕ್ಕದವರನ್ನು ನೋಡಿ ಹಲ್ಲು ಕಿರಿದ ಮಗುವಿಗೆ ಚಳಿ ಬಿಡಿಸಲು ಅವರ ಕಣ್ಣೊಂದೇ ಸಾಕಿತ್ತು. ತಮ್ಮ ಕ್ಲಾಸಿನಿಂದ ಯಾವ ಮಗುವೂ ಅಳುತ್ತ ಮನೆಗೆ ಹೋಗಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುತ್ತಿದ್ದರು. ಹೇಳಿಕೊಳ್ಳಲಿ ಬಿಡಿ, ಸುಳ್ಳೇನಲ್ಲವಲ್ಲ.

ಅವರ ಪಾಠದ ಕ್ರಮ ಇಷ್ಟು: ಮಕ್ಕಳು ಬೆಂಚಿನ ಸಾಲಿನಂತೆ ಒಬ್ಬೊಬ್ಬರೇ ಎದ್ದು ಒಂದೊಂದು ಪ್ಯಾರಾ ಗಟ್ಟಿಯಾಗಿ ಓದಬೇಕು. ಕಿಟಕಿ ಪಕ್ಕದ ಟೈಲರ್ ಮಗಳ ಸರದಿ ಬಂದಾಗ ಮಾತ್ರ ಟೀಚರಮ್ಮ ಏನೂ ಆಗಿಲ್ಲವೆಂಬಂತೆ ಆ ಪ್ಯಾರಾ ತಾವೇ ಓದಿ, ಮುಂದಿನವರಿಗೆ ಕಣ್ಸನ್ನೆ ಮಾಡುತ್ತಿದ್ದರು. ಹುಡುಗಿಗೆ ಉಗ್ಗು. ಐದನೇ ತರಗತಿಯಲ್ಲಿ ಒಮ್ಮೆ ಎದ್ದು ನಿಂತವಳ ಬಾಯಿಂದ ಮೊದಲ ಅಕ್ಷರವೇ ಹೊರಡದೆ ಮುಖವೆಲ್ಲ ಕೆಂಪಾದದ್ದನ್ನು ನೋಡಿ ಟೀಚರಮ್ಮನ ಕರುಳು ಚುರುಕ್ ಎಂದಿತ್ತು. ಈಗ ಅವಳು ಏಳನೇ ತರಗತಿ. ಅಂದಿನಿಂದ ಅವಳನ್ನು ಎಬ್ಬಿಸಿದ್ದೇ ಇಲ್ಲ. ಹಾಜರಿಗೂ ಕೈ ಎತ್ತಿದರೆ ಆಯಿತು.

ಈ ವರ್ಷ ಅವಳ ಅಪ್ಪ ಬಂದು ಮಗಳನ್ನು ಹೈಸ್ಕೂಲಿಗೆ ಸೇರಿಸಲೇ ಎಂದು ಕೇಳಿದ. ಅಲ್ಲಿ ಮಕ್ಕಳನ್ನು ಕೂರಿಸಿ ಮಾತಾಡಿಸಿಯೇ ಸೇರಿಸಿಕೊಳ್ಳುವುದು. ಟೀಚರಮ್ಮ ಬೇಡವೆಂದರು. ಅಲ್ಲಿ ಆಡಿಕೊಂಡು ನಗುತ್ತಾರೆ, ಮಗು ಬಾಡಿಹೋಗುತ್ತದೆ, ನಿಮ್ಮ ಕಣ್ಣೆದುರೇ ಹೊಲಿಗೆ ಕಲಿಯಲಿ ಎಂದರು. ಟೀಚರಮ್ಮ ಹೇಳಿದ ಮೇಲೆ ಮುಗಿಯಿತಲ್ಲ. ಅಪ್ಪ ತಲೆಯಾಡಿಸಿ ಹೋದ.

ಆಮೇಲೆ ಟೀಚರಮ್ಮ ಶಾಲೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅವರ ಜಾಗಕ್ಕೆ ಮೊನ್ನೆ ಮೊನ್ನೆ ಕಾಲೇಜು ಮುಗಿಸಿದ ಒಬ್ಬ ಮಿಸ್ಸು ಬಂದಳು. ಕೋಲೂರಿಕೊಂಡು ಟೀಚರಮ್ಮ ವಾಪಸಾಗುವ ಹೊತ್ತಿಗೆ ಅವಳು ಹೊರಟುಹೋಗಿದ್ದಳು.

ಮೊದಲ ದಿನ ಓದು ಕಿಟಕಿಯ ಹತ್ತಿರ ಬಂತು. ಟೀಚರಮ್ಮ ಎಂದಿನಂತೆ ಪುಸ್ತಕ ಎತ್ತಿ ಓದಲು ಶುರುಮಾಡಿದರು. ಕಿಟಕಿ ಬಳಿ ಬೆಂಚು ಕಿರ್ ಎಂದಿತು. ಹುಡುಗಿ ಎದ್ದು ನಿಂತಿದ್ದಳು.

"ನಾ... ನಾ... ನಾನೇ ಓದ್ತೀನಿ ಟೀಚರ್."

ಓದಿದಳು. ಎಷ್ಟು ಹೊತ್ತು ಹಿಡಿಯಿತೆಂದು ಕೇಳಬೇಡಿ. ಒಂದೊಂದು ಪದದ ಬಾಗಿಲಲ್ಲೂ ನಿಂತು, ತಳ್ಳಿ, ಒಳಗೆ ಹೋದಳು. ಒಂದು ಮಗುವೂ ನಗಲಿಲ್ಲ, ಯಾರೂ ಅವಳ ಪದ ಮುಗಿಸಿಕೊಡಲಿಲ್ಲ. ಸಾಲಿನ ಮೇಲೆ ಬೆರಳಿಟ್ಟು ಕಾದರು. ಕಾಯುವುದನ್ನು ಆ ಮಿಸ್ಸು ಕಲಿಸಿ ಹೋಗಿದ್ದಳು.

ಗಂಟೆ ಹೊಡೆದ ಮೇಲೆ ಟೀಚರಮ್ಮ ಅವಳನ್ನು ಹತ್ತಿರ ಕರೆದರು.

"ಓದ್ತೀನಿ ಅಂತ ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?"

"ನೀವು... ಕೇ... ಕೇಳ್ಲಿಲ್ಲ ಟೀಚರ್. ನನ್ ಕೈಲಿ ಆಗಲ್ಲ ಅಂತ ನಿ... ನಿಮ್ಗೆ ಗೊತ್ತು ಅಂದ್ಕೊಂಡೆ."

ಅಯ್ಯೋ, ಆ ಮಾತಿಗೆ ಅವರ ಎದೆ ಒಡೆದು ಹೋಯಿತು. ಹೊಡೆದಿದ್ದರೆ ಮಗು ಬಾಯಿ ತೆರೆದು ಅಳುವುದಾದರೂ ಅಳುತ್ತಿತ್ತು. ತಾವು ಪ್ರೀತಿಯಿಂದಲೇ ಅದರ ಬಾಯಿಗೆ ಬೀಗ ಹಾಕಿದ್ದರು. ಹೈಸ್ಕೂಲಿಗೆ ಸೇರಿಸಲು ಮರುದಿನವೇ ಕೊನೆಯ ದಿನ. ಸಂಜೆ ಕೋಲೂರಿಕೊಂಡೇ ಟೈಲರ್ ಅಂಗಡಿಗೆ ಹೋದರು.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಎರಡು ಮೆಷಿನ್ನು, ನೆಲದ ತುಂಬ ಕತ್ತರಿಸಿದ ಬಟ್ಟೆಯ ಚೂರು. ಒಂದು ಮೆಷಿನ್ನಿನ ಮುಂದೆ ಹುಡುಗಿ ಕೂತಿದ್ದಳು. ಟೀಚರಮ್ಮ ನಿಂತೇ ಹೇಳಿದರು: ನಾನು ಹೇಳಿದ್ದು ತಪ್ಪು, ಮಗು ಚೆನ್ನಾಗಿ ಓದುತ್ತಾಳೆ, ನಾಳೆಯೇ ಸೇರಿಸಿ. ಅಪ್ಪ ಸ್ಟೂಲು ಒರೆಸಿ ಕೂರಿಸಿದ. ನಿಮ್ಮದು ದೊಡ್ಡ ಮನಸ್ಸು, ಅವಳಿಗೆ ಬೇಜಾರಾಗದಿರಲಿ ಅಂತ ಹೇಳುತ್ತಿದ್ದೀರಿ, ನಮಗೆ ಗೊತ್ತಿಲ್ಲವೇ ಎಂದ. ಎಷ್ಟು ಹೇಳಿದರೂ ಅಷ್ಟೇ. ಅವರು ಕರುಣೆಯವರೆಂದು ಊರಿಗೆಲ್ಲ ಗೊತ್ತಿತ್ತು, ಹಾಗಾಗಿ ಈ ಸತ್ಯವನ್ನು ನಂಬುವವರೇ ಇರಲಿಲ್ಲ.

ಕೊನೆಗೆ ಟೀಚರಮ್ಮ ಹುಡುಗಿಯತ್ತ ತಿರುಗಿ, "ನೀನೇ ಹೇಳು ಮಗಳೇ" ಎಂದರು.

ಅವಳು ಮೆಷಿನ್ ನಿಲ್ಲಿಸಿ ಎದ್ದಳು. "ಅಪ್ಪಾ, ನಂ... ನಂ... ನಂಗೆ..."

"ಹೊಲಿಗೇನೇ ಇಷ್ಟ ಅಂತಿದ್ದಾಳೆ ಟೀಚರ್," ಎಂದ ಅಪ್ಪ, ಮಗಳ ತಲೆ ಸವರುತ್ತ. "ಪಾಪ, ಯಾಕೆ ಕಷ್ಟಪಡ್ಬೇಕು? ಮನೇಲಿ ಈಗ ಅವ್ಳ ಮಾತೆಲ್ಲ ನಾವೇ ಆಡ್ಬಿಡ್ತೀವಿ. ನಿಮ್ಮನ್ನ ನೋಡೇ ಕಲ್ತಿದ್ದು."

"ಅವಳು ಹೇಳ್ತಿದ್ದಿದ್ದು ಅದಲ್ಲ," ಎಂದರು ಟೀಚರಮ್ಮ. ಅಷ್ಟರಲ್ಲಿ ಹುಡುಗಿ ಕೂತು ಪೆಡಲ್ ತುಳಿಯತೊಡಗಿದ್ದಳು. ಮೆಷಿನ್ನಿನ ಸದ್ದಿನಲ್ಲಿ ಅವರ ಮಾತು ಅಪ್ಪನಿಗೆ ಕೇಳಿಸಲಿಲ್ಲ.