ಎಡಗಡೆ ಸೀಟು

ತುಮಕೂರಿನ ಅಮಾನಿಕೆರೆಯ ಬೇಲಿಯ ಪಕ್ಕ ನಿಂತಿದ್ದ ಗಾಡಿಯೊಳಗೆ ಶಕುಂತಲಮ್ಮ ಸ್ಟೌ ಹಚ್ಚಿ ಕಾಫಿಗೆ ಇಟ್ಟರು. ಅದು ಹಿಂದೆ ಯಾವುದೋ ಸ್ಕೂಲಿನ ವ್ಯಾನು. ಬಿಳಿ ಬಣ್ಣ ಬಳಿದಿದ್ದರೂ ಬಾಗಿಲ ಸಂದಿಯಲ್ಲಿ ಹಳದಿ ಇಣುಕುತ್ತಿತ್ತು. ಹಿರೇಹಳ್ಳಿಯಲ್ಲಿ ಗ್ಯಾರೇಜು ಇಟ್ಟಿರುವ ಅವರ ಅಣ್ಣನ ಮಗ ಕಿರಣ್‌ಕುಮಾರ್ ಹಿಂದಿನ ಸೀಟುಗಳನ್ನು ಕಿತ್ತು, ಕಬ್ಬಿಣದ ಮಂಚ ವೆಲ್ಡ್ ಮಾಡಿ, ಸ್ಟೌ ಇಡಲು ಜಾಗ ಮಾಡಿಕೊಟ್ಟಿದ್ದ. ಗಂಡ ಹೆಂಡತಿ ಕುಣಿಗಲ್ಲಿನ ಬಾಡಿಗೆ ಮನೆಗೆ ಬೀಗ ಹಾಕಿ ಹಿಂದಿನ ದಿನ ಹೊರಟಿದ್ದರು. ಒಂದು ದಿನ ತುಮಕೂರು ಸುತ್ತಿ, ಆಮೇಲೆ ಮುರುಡೇಶ್ವರದ ದಾರಿ. ಶಕುಂತಲಮ್ಮ ಇನ್ನೂ ಸಮುದ್ರ ನೋಡಿರಲಿಲ್ಲ.

ಅವರ ಗಂಡ ರುದ್ರಯ್ಯ ಕುಣಿಗಲ್, ತುಮಕೂರು, ಗುಬ್ಬಿ ನಡುವೆ ಪ್ರೈವೇಟ್ ಬಸ್ಸು ಓಡಿಸುತ್ತಲೇ ವಯಸ್ಸಾದವರು. ಈ ಊರಿನ ಬೀದಿಗಳೆಲ್ಲ ಅವರಿಗೆ ಗೊತ್ತು, ಆದರೆ ಇಳಿದು ನಡೆದದ್ದು ಕಡಿಮೆ. ಹೆಂಡತಿ ಕೇಳಿದಾಗಲೆಲ್ಲ "ಬಸ್ಸು ಬಿಟ್ಮೇಲೆ ಇಳ್ದು ನೋಡಣ" ಎನ್ನುತ್ತಿದ್ದರು.

ಗಾಡಿ ಹೊರಡುವಾಗ ಶಕುಂತಲಮ್ಮ ಎಡಗಡೆ ಸೀಟಿನಲ್ಲಿ ಕೂತು, ಕಂಡಕ್ಟರಂತೆ ಬಾಗಿಲ ತಗಡನ್ನು ಎರಡು ಸಲ ತಟ್ಟಿ "ರೈಟ್" ಎನ್ನಬೇಕಿತ್ತು. ಅದು ಅವರಿಬ್ಬರ ತಮಾಷೆ. ಆ ಸದ್ದಾಗದೆ ರುದ್ರಯ್ಯ ಗೇರು ಹಾಕುತ್ತಿರಲಿಲ್ಲ.

ಮೋಡ ಕವಿದಿತ್ತು. ತಟ್ಟೆ ಇಡ್ಲಿ ತಿಂದು ಮಂಡಿಪೇಟೆಯಲ್ಲಿ ಸುತ್ತಾಡಿದರು. ರುದ್ರಯ್ಯ ಹೆಂಡತಿಯ ಕೈಚೀಲದ ಹಿಡಿಯನ್ನು ತಾವೂ ಹಿಡಿದುಕೊಂಡು ಹಿಂದೆ ಹಿಂದೆ ಬರುತ್ತಿದ್ದರು.

"ಈ ವಯಸ್ನಲ್ಲಿ ಬ್ಯಾಗ್ ಹಿಡ್ಕಂಡ್ ಬರ್ತೀರಲ್ರೀ, ಜನ ನಗ್ತಾರೆ."

"ನಗ್ಲಿ ಬುಡೇ. ಈ ಗಲಾಟೇಲಿ ಕಳ್ದೋದ್ರೆ?"

"ಯಾರು, ನಾನಾ ನೀವಾ?"

ರುದ್ರಯ್ಯ ನಗಲಿಲ್ಲ. ಪಾತ್ರೆ ಅಂಗಡಿಯ ಮೆಟ್ಟಿಲಲ್ಲಿ ಎಡವಿ, ಚಪ್ಪಲಿಯನ್ನು ಬೈದರು.

ದಣಿದು ಒಂದು ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತರು. ಶಕುಂತಲಮ್ಮ ಕಡಲೆಕಾಯಿ ಸುಲಿಯುತ್ತಿದ್ದಾಗ ಬಸ್ಸೊಂದು ಬಂದು ನಿಂತಿತು. ಗಂಟು ಹೊತ್ತಿದ್ದ ಮುದುಕಿಯೊಬ್ಬಳು ರುದ್ರಯ್ಯನವರನ್ನು ಕೇಳಿದಳು, "ಯಜಮಾನ್ರೇ, ಇದು ಕುಣಿಗಲ್ ಗಾಡಿಯಾ?"

ರುದ್ರಯ್ಯ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟರು. "ಹೂಂ ಕಣವ್ವ, ಹತ್ತು."

ಬಸ್ಸು ಹೊರಟ ಮೇಲೆ ಶಕುಂತಲಮ್ಮ ತಲೆಯೆತ್ತಿದರು. ಹಿಂದಿನ ಗಾಜಿನ ಮೇಲೆ ದಪ್ಪಕ್ಷರದಲ್ಲಿ ಗುಬ್ಬಿ ಎಂದಿತ್ತು.

"ರೀ, ಅದು ಗುಬ್ಬಿದು."

"ಬೋರ್ಡು ಬದಲಾಯ್ಸಿರಲ್ಲ. ಡ್ರೈವರ್‌ಗಳ ಬುದ್ಧಿ ನಂಗ್ ಗೊತ್ತಿಲ್ವಾ."

ಸ್ವಲ್ಪ ಹೊತ್ತಿಗೆ ಮುದುಕಿ ಗಂಟು ಹೊತ್ತುಕೊಂಡು ನಡೆದೇ ವಾಪಸು ಬಂದಳು. ಕಂಡಕ್ಟರು ಮುಂದಿನ ಸ್ಟಾಪಿನಲ್ಲಿ ಇಳಿಸಿದ್ದನಂತೆ. ಗಂಟು ಇಳಿಸಿ ಉಸಿರು ಬಿಟ್ಟು, ರುದ್ರಯ್ಯನವರ ಮುಖವನ್ನೇ ನೋಡಿದಳು.

"ಓದಕ್ ಬರಲ್ವಾ ನಿಮ್ಗೆ? ಕನ್ನಡಕ ನೋಡಿ ಓದ್ದೋರು ಅನ್ಕಂಡೆ. ನಂಗೂ ಬರಲ್ಲ ಬುಡಿ."

ರುದ್ರಯ್ಯ ತಲೆ ತಗ್ಗಿಸಿದರು. "ಇಲ್ಲ ಕಣವ್ವ. ನಂಗೂ ಓದಕ್ ಬರಲ್ಲ."

ಶಕುಂತಲಮ್ಮನ ಕೈಯಲ್ಲಿದ್ದ ಕಡಲೆಕಾಯಿ ಹಾಗೇ ಉಳಿಯಿತು. ಸ್ಟ್ಯಾಂಡಿನಲ್ಲಿ ಬಸ್ಸು ನಿಂತಷ್ಟು ಹೊತ್ತೂ ಪೇಪರು ಓದಿ, ಮನೆಗೆ ಬಂದು ಅದನ್ನೆಲ್ಲ ಕತೆಯಂತೆ ಹೇಳುತ್ತಿದ್ದ ಮನುಷ್ಯ. ಈಚೆಗೆ ಮನೆಗೆ ಪೇಪರೇ ಬೇಡ ಎಂದಿದ್ದರು. ಕುಣಿಗಲ್ ಬಸ್ಸು ಬಂದಾಗ ಶಕುಂತಲಮ್ಮ ಎದ್ದು ಹೋಗಿ, ಬೋರ್ಡನ್ನು ಎರಡು ಸಲ ಓದಿ, ಮುದುಕಿಯನ್ನು ಹತ್ತಿಸಿ ಬಂದರು.

ಕೆರೆಯ ಹತ್ತಿರ ಬಂದಾಗ ಹೊತ್ತು ಇಳಿದಿತ್ತು. ಕತ್ತಲಾಗುವುದರೊಳಗೆ ಗುಬ್ಬಿ ದಾಟಿ, ನಿಟ್ಟೂರಿನ ಹತ್ತಿರ ತಂಗುವುದೆಂದು ಮಾತಾಗಿತ್ತು. ರುದ್ರಯ್ಯ ಕೀಲಿ ತಿರುಗಿಸಿ ಕಾದರು. ತಗಡಿನ ಸದ್ದು ಬರಲಿಲ್ಲ.

"ಏನಮ್ಮ ಕಂಡಕ್ಟ್ರೇ, ಸ್ಟ್ರೈಕಾ?"

"ಆ ಮರದ ಕೆಳಗೆ ಏನೈತೆ ಹೇಳಿ."

ರುದ್ರಯ್ಯ ತುಂಬ ಹೊತ್ತು ನೋಡಿದರು. "ಸ್ಕೂಟರು."

"ಮಗು ಕಣ್ರೀ. ಬಗ್ಗಿ ಚಪ್ಪಲಿ ಹಾಕ್ಕೊಳ್ತಾ ಐತೆ."

ಎಂಜಿನ್ನು ನಿಂತಿತು. ರುದ್ರಯ್ಯ ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ.

"ಯಾವತ್ತಿಂದ?" ಶಕುಂತಲಮ್ಮ ಕೇಳಿದರು.

"ಬಸ್ಸು ಬಿಟ್ಟಿದ್ದೇ ಅದಕ್ಕೆ. ಹೋಗಿರೋ ದೃಷ್ಟಿ ಬರಲ್ಲ ಅಂದ್ರು ಡಾಕ್ಟ್ರು. ಇರೋ ಬೆಳಕಲ್ಲಿ ನಿಂಗೆ ಸಮುದ್ರ ತೋರ್ಸಣ ಅಂತ..."

"ದಾರೀಲಿ ಇರೋರೂ ಮನುಷ್ರೇ ಅಲ್ವೇನ್ರೀ."

ಶಕುಂತಲಮ್ಮ ಕಿರಣ್‌ಗೆ ಫೋನ್ ಮಾಡಿದರು.

ಅವನು ಕೈಗೆ ಮೆತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತಲೇ ಬಂದ. "ಯಾವ ಕಡೆಗೆ ಅತ್ತೆ?"

"ಕುಣಿಗಲ್ಲಿಗೇ ನಡಿಯಪ್ಪ," ಎಂದು ಶಕುಂತಲಮ್ಮ ಹಿಂದಿನ ಮಂಚದ ಮೇಲೆ ಹೋಗಿ ಕೂತರು.

ರುದ್ರಯ್ಯ ಗಾಡಿಯ ಮುಂದಿನಿಂದ ಸುತ್ತಿ ಬಂದು, ಬಾಗಿಲ ಹಿಡಿಯನ್ನು ತಡವಿ ಹುಡುಕಿ, ಎಡಗಡೆ ಸೀಟು ಹತ್ತಿದರು. ತಗಡು ತಟ್ಟುವ ತಮಾಷೆ ಕಿರಣ್‌ಗೆ ಗೊತ್ತಿರಲಿಲ್ಲ; ಗೇರು ಹಾಕಿ ಹೊರಟೇಬಿಟ್ಟ. ಹಂಪ್ ಬಂದಾಗ ರುದ್ರಯ್ಯನವರ ಬಲಗಾಲು ಬರೀ ನೆಲವನ್ನು ಒತ್ತಿತು.

ಕೆರೆ ಹಿಂದೆ ಸರಿದ ಮೇಲೆ ಅವರು ಕೈ ಹೊರಗೆ ಹಾಕಿ ಬಾಗಿಲ ತಗಡನ್ನು ಎರಡು ಸಲ ತಟ್ಟಿದರು.

"ಏನ್ ಮಾವ, ನಿಲ್ಲಿಸ್ಬೇಕಾ?" ಕಿರಣ್ ಕೇಳಿದ.

"ಇಲ್ಲಪ್ಪ. ಹೋಗು."